ಟೆಸ್ಟೋಸ್ಟೆರಾನ್ ರಿಪೋರ್ಟ್‌ನಲ್ಲಿ ‘ಲೋ’ ಬಂದಿದೆಯೇ? ಮೊದಲು ರಕ್ತ ಕೊಟ್ಟ ಸಮಯ ನೋಡಿ

ಚಿಕ್ಕಮ್ಮನ ಮಗ ಒಂದು ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. ಜೊತೆಗೆ ಒಂದೇ ಸಾಲು: “ಅಣ್ಣಾ, ಇದನ್ನ ಸ್ವಲ್ಪ ನೋಡು. ಅಮ್ಮಂಗೆ ಹೇಳ್ಬೇಡ.”

ಅವನಿಗೆ 26 ವರ್ಷ. ಬೆಂಗಳೂರಿನಲ್ಲಿ ಕೆಲಸ, ಮನೆಯಲ್ಲಿ ಹೆಣ್ಣು ನೋಡುವ ಮಾತು ಶುರುವಾಗಿದೆ. ಆಫೀಸಿನಲ್ಲಿ ಹೆಲ್ತ್ ಕ್ಯಾಂಪ್ ಇತ್ತು, ಎಂಬತ್ತು ಚಿಲ್ಲರೆ ಪರೀಕ್ಷೆಗಳ ಪ್ಯಾಕೇಜ್, ಅದರಲ್ಲಿ ಟೆಸ್ಟೋಸ್ಟೆರಾನ್ ಕೂಡ ಸೇರಿತ್ತು. ಹದಿನಾಲ್ಕು ಪುಟಗಳ ಆ ರಿಪೋರ್ಟಿನಲ್ಲಿ ಅವನ ಕಣ್ಣು ಕಚ್ಚಿಕೊಂಡಿದ್ದು ದಪ್ಪ ಅಕ್ಷರದ ಒಂದೇ ಸಂಖ್ಯೆಗೆ: 268. ಪಕ್ಕದಲ್ಲಿ ‘ಲೋ’ ಎಂಬ ಗುರುತು. ಜಿಮ್‌ನ ಟ್ರೈನರ್‌ಗೆ ತೋರಿಸಿದ್ದಾನೆ. ಅವರು “ಟಿ ಕಮ್ಮಿ ಆಗಿದೆ, ಅದಕ್ಕೇ ಮಸಲ್ ಬರ್ತಿಲ್ಲ, ಸುಸ್ತೂ ಅದಕ್ಕೇ. ಒಂದು ಸೈಕಲ್ ಹಾಕಿದ್ರೆ ಸರಿಹೋಗುತ್ತೆ” ಎಂದಿದ್ದಾರೆ. ಸೈಕಲ್ ಎಂದರೆ ಇಲ್ಲಿ ಎಂಟು-ಹತ್ತು ವಾರ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವುದು.

ನಾನು ವೈದ್ಯನಲ್ಲ. ಆರೋಗ್ಯದ ಮಾಹಿತಿ ಜನರನ್ನು ಹೇಗೆ ತಲುಪುತ್ತದೆ, ತಲುಪುವ ದಾರಿಯಲ್ಲಿ ಹೇಗೆ ತಿರುಚಿಕೊಳ್ಳುತ್ತದೆ ಎಂದು ನೋಡುವುದು ನನ್ನ ಕೆಲಸ. ಹಾಗಾಗಿ ಅವನಿಗೆ ಔಷಧಿ ಹೇಳುವ ಹಕ್ಕು ನನಗಿರಲಿಲ್ಲ. ಆದರೆ ರಿಪೋರ್ಟಿನ ಮೊದಲ ಪುಟದ ಮೇಲ್ಭಾಗವನ್ನು ಅವನು ನೋಡಿಯೇ ಇರಲಿಲ್ಲ. ಅಲ್ಲಿ ರಕ್ತ ತೆಗೆದ ಸಮಯ ಅಚ್ಚಾಗಿತ್ತು: ಮಧ್ಯಾಹ್ನ 3.40.

ಗಂಟೆಗೊಂದು ಮಟ್ಟ

ಟೆಸ್ಟೋಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಿದ್ದೆಯಲ್ಲಿ ಏರುತ್ತಾ ಹೋಗಿ, ಬೆಳಿಗ್ಗೆ ಏಳುವ ಹೊತ್ತಿಗೆ ತುದಿ ಮುಟ್ಟುತ್ತದೆ. ಹೊತ್ತು ಏರಿದಂತೆ ಅದು ಇಳಿಯುತ್ತದೆ. ವಯಸ್ಸಾದವರಲ್ಲಿ ಈ ಏರಿಳಿತ ಕಡಿಮೆ, ಯುವಕರಲ್ಲಿ ಹೆಚ್ಚು. ಮೂವತ್ತರ ಆಸುಪಾಸಿನ ಗಂಡಸರಲ್ಲಿ ಬೆಳಿಗ್ಗೆ 8ಕ್ಕೆ ಇದ್ದ ಮಟ್ಟ ಸಂಜೆ 4ರ ಹೊತ್ತಿಗೆ ಶೇ. 20ರಿಂದ 25ರಷ್ಟು ಇಳಿದಿರುವುದನ್ನು ಅಳೆದು ನೋಡಿದ್ದಾರೆ. ಅಂದರೆ ಬೆಳಿಗ್ಗೆ 350 ಇರುವ ಆರೋಗ್ಯವಂತ ಹುಡುಗನೊಬ್ಬ ಮಧ್ಯಾಹ್ನ ರಕ್ತ ಕೊಟ್ಟರೆ 270 ಬರಬಹುದು. ಅವನ ದೇಹದಲ್ಲಿ ಏನೂ ಕೆಟ್ಟಿರುವುದಿಲ್ಲ, ರಕ್ತ ಕೊಟ್ಟ ಗಂಟೆ ಬೇರೆ ಅಷ್ಟೇ.

ಊಟದ ಪಾತ್ರವೂ ಇದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡಸರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ (ಸಕ್ಕರೆ ಕಾಯಿಲೆ ಪತ್ತೆಗೆ ಕುಡಿಸುತ್ತಾರಲ್ಲ, ಅದೇ ಪ್ರಮಾಣ) ಆಮೇಲಿನ ಎರಡು ಗಂಟೆ ಟೆಸ್ಟೋಸ್ಟೆರಾನ್ ಅಳೆದರು. ಸರಾಸರಿ ಕಾಲು ಭಾಗದಷ್ಟು ಕುಸಿದಿತ್ತು. ನಮ್ಮ ಹುಡುಗ ಕ್ಯಾಂಟೀನಿನಲ್ಲಿ ಅನ್ನ-ಸಾರು, ಮೇಲೊಂದು ಜಾಮೂನು ತಿಂದು ಸೀದಾ ಕ್ಯಾಂಪಿಗೆ ಹೋಗಿ ತೋಳು ಚಾಚಿದ್ದ.

ಇನ್ನು ನಿದ್ದೆ. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿಸಿ ನೋಡಿದರು. ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಕಡಿಮೆಯಾಯಿತು. ಹತ್ತೇ ಜನರ ಸಣ್ಣ ಅಧ್ಯಯನ, ನಿಜ. ಆದರೆ ಐದು ಗಂಟೆ ನಿದ್ದೆ ಎನ್ನುವುದು ಬೆಂಗಳೂರಿನ ಎಷ್ಟು ಪಿಜಿಗಳಲ್ಲಿ ದಿನನಿತ್ಯದ ಬದುಕು ಎಂದು ಯೋಚಿಸಿದರೆ ಅದನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಜ್ವರ, ಡೆಂಗಿ, ಆಪರೇಷನ್, ದೊಡ್ಡ ಮಾನಸಿಕ ಒತ್ತಡ ಇವೆಲ್ಲವೂ ಕೆಲವು ದಿನ ಅಥವಾ ವಾರಗಳ ಮಟ್ಟಿಗೆ ಈ ಹಾರ್ಮೋನನ್ನು ತಗ್ಗಿಸುತ್ತವೆ. ಕಾಯಿಲೆ ಬಿದ್ದಾಗ ದೇಹ ಸಂತಾನದ ಕೆಲಸವನ್ನು ಸ್ವಲ್ಪ ಮುಂದೂಡುತ್ತದೆ ಎನ್ನಬಹುದು. ಕೇಳಿದಾಗ ಗೊತ್ತಾಯಿತು, ಕ್ಯಾಂಪಿನ ಹಿಂದಿನ ವಾರ ಅವನಿಗೆ ವೈರಲ್ ಫೀವರ್ ಬಂದಿತ್ತಂತೆ.

ಇದೇ ಕಾರಣಕ್ಕೆ ಅಮೆರಿಕದ ಎಂಡೊಕ್ರೈನ್ ಸೊಸೈಟಿ 2018ರಲ್ಲಿ ಹೊರತಂದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಯಬೇಕು; ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಪರೀಕ್ಷಿಸಬೇಕು; ರೋಗಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎಂದು ಕರೆಯಬೇಕು. ಮೊದಲ ಸಲ ಕಡಿಮೆ ಬಂದವರಲ್ಲಿ ಸುಮಾರು ಶೇ. 30ರಷ್ಟು ಮಂದಿಗೆ ಮರುಪರೀಕ್ಷೆಯಲ್ಲಿ ಸಹಜ ಫಲಿತಾಂಶ ಬರಬಹುದು ಎಂದೂ ಅದರಲ್ಲಿದೆ. ಆ ಮಾರ್ಗಸೂಚಿ ಬರೆದ ಸಮಿತಿಯ ಮುಖ್ಯಸ್ಥರು ಭಾರತ ಮೂಲದ ಶಲೇಂದರ್ ಭಾಸಿನ್. ಟೆಸ್ಟೋಸ್ಟೆರಾನ್ ಕೊಟ್ಟರೆ ಸ್ನಾಯು ಬೆಳೆಯುತ್ತದೆ ಎಂದು 1996ರಲ್ಲಿ ಕಟ್ಟುನಿಟ್ಟಿನ ಪ್ರಯೋಗದಿಂದ ತೋರಿಸಿಕೊಟ್ಟವರೂ ಅವರೇ. ಅಂದರೆ ಈ ಎಚ್ಚರಿಕೆ ಟೆಸ್ಟೋಸ್ಟೆರಾನ್ ವಿರೋಧಿಗಳ ಬಾಯಿಂದ ಬಂದದ್ದಲ್ಲ.

ನೈಟ್ ಶಿಫ್ಟ್‌ನವರಿಗೆ ಒಂದು ಮಾತು. ಈ ಏರಿಳಿತ ನಿದ್ದೆಗೆ ಅಂಟಿಕೊಂಡಿರುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಿಗ್ಗೆ 8ಕ್ಕೆ ರಕ್ತ ಕೊಟ್ಟರೆ ಅದು ನಿಮ್ಮ ದೇಹದ ಬೆಳಿಗ್ಗೆ ಆಗಿರುವುದಿಲ್ಲ. ಪರೀಕ್ಷೆಗೆ ಮೊದಲು ಶಿಫ್ಟ್ ವಿಚಾರ ವೈದ್ಯರಿಗೆ ಹೇಳಿ.

ಪಕ್ಕದಲ್ಲಿರುವ ರೇಂಜ್ ಎಲ್ಲಿಂದ ಬಂತು?

ರಿಪೋರ್ಟಿನ ಬಲಗಡೆ ಇರುವ ‘ನಾರ್ಮಲ್ ರೇಂಜ್’ ಪ್ರಕೃತಿ ಎಳೆದ ಗೆರೆಯಲ್ಲ. ಆರೋಗ್ಯವಂತರು ಎಂದು ಗುರುತಿಸಿದ ಒಂದಷ್ಟು ಜನರ ರಕ್ತ ಪರೀಕ್ಷಿಸಿ, ತೀರಾ ಕೆಳಗಿನ ಶೇ. 2.5 ಮತ್ತು ತೀರಾ ಮೇಲಿನ ಶೇ. 2.5 ಮಂದಿಯನ್ನು ಬಿಟ್ಟು ಉಳಿದವರ ವ್ಯಾಪ್ತಿಯನ್ನು ಹೀಗೆ ಅಚ್ಚು ಹಾಕುವುದು ವಾಡಿಕೆ. ಲೆಕ್ಕದ ಪ್ರಕಾರವೇ, ಆರೋಗ್ಯವಂತ ನೂರು ಜನರಲ್ಲಿ ಐವರು ಗೆರೆಯ ಆಚೆ ಬೀಳುತ್ತಾರೆ. ಪರೀಕ್ಷೆಗಳ ಸಂಖ್ಯೆ ಹೆಚ್ಚಿದಂತೆ ಇದು ತಮಾಷೆಯಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಪೂರ್ತಿ ಆರೋಗ್ಯವಂತನಿಗೆ ಮಾಡಿದರೂ, ಕನಿಷ್ಠ ಒಂದಾದರೂ ದಪ್ಪ ಅಕ್ಷರದಲ್ಲಿ ಬರುವ ಸಾಧ್ಯತೆ ಶೇ. 64. ಎಂಬತ್ತು ಪರೀಕ್ಷೆಗಳ ಪ್ಯಾಕೇಜ್ ತೆಗೆದುಕೊಂಡು ಎಲ್ಲವೂ ನಾರ್ಮಲ್ ಬಂದರೆ ಅದೇ ಆಶ್ಚರ್ಯ!

ಗೆರೆ ಎಲ್ಲಿ ಎಳೆಯಬೇಕು ಎಂಬುದರಲ್ಲಿ ತಜ್ಞರೂ ಒಂದೇ ಮಾತಿನವರಲ್ಲ. ಅಮೆರಿಕ ಮತ್ತು ಯುರೋಪಿನ ನಾಲ್ಕು ದೊಡ್ಡ ಸಮೂಹಗಳ ದತ್ತಾಂಶ ಸೇರಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 19ರಿಂದ 39 ವರ್ಷದ, ಬೊಜ್ಜು ಇಲ್ಲದ ಗಂಡಸರಲ್ಲಿ ವ್ಯಾಪ್ತಿ ಡೆಸಿಲೀಟರ್‌ಗೆ 264ರಿಂದ 916 ನ್ಯಾನೋಗ್ರಾಂ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರಲ್ಲಿ ಇಟ್ಟುಕೊಂಡ ಗೆರೆ 300. ಅದೂ ಎರಡು ಬೇರೆ ಬೇರೆ ದಿನದ ಬೆಳಗಿನ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಮಾತ್ರ. ಹಾಗಾಗಿ 280 ಬಂದ ಒಬ್ಬನೇ ಮನುಷ್ಯ ಒಂದು ಅಳತೆಯಲ್ಲಿ ಸಹಜ, ಇನ್ನೊಂದರಲ್ಲಿ ಕಡಿಮೆ. ನಮ್ಮ ಲ್ಯಾಬ್‌ಗಳೂ ತಂತಮ್ಮ ಯಂತ್ರದ ಕಂಪನಿ ಕೊಟ್ಟ ರೇಂಜ್ ಹಾಕುತ್ತವೆ, ಒಂದು ಲ್ಯಾಬಿನದು ಇನ್ನೊಂದಕ್ಕೆ ಹೊಂದುವುದಿಲ್ಲ.

ವ್ಯಾಪ್ತಿ ಇಷ್ಟು ಅಗಲ ಇರುವುದನ್ನು ನೋಡಿ ಹುಡುಗರು ಮಾಡಿಕೊಳ್ಳುವ ಇನ್ನೊಂದು ತಪ್ಪು, ಇದನ್ನು ಪರೀಕ್ಷೆಯ ಮಾರ್ಕ್ಸ್‌ನಂತೆ ಓದುವುದು. ‘450 ಬಂದಿದೆ, 900 ಬಂದವನ ಅರ್ಧ ಗಂಡಸು ನಾನು’ ಎಂಬ ಲೆಕ್ಕ. ಹಾಗೆ ಕೆಲಸ ಮಾಡುವುದಿಲ್ಲ. ಸಹಜ ವ್ಯಾಪ್ತಿಯೊಳಗೆ ಒಬ್ಬನಿಗೆ 400, ಇನ್ನೊಬ್ಬನಿಗೆ 700 ಇದ್ದರೆ ಎರಡನೆಯವನ ಗಡ್ಡ ದಟ್ಟವಾಗಿರಬೇಕೆಂದಿಲ್ಲ. ಗಡ್ಡ ಎಷ್ಟು ಬರುತ್ತದೆ, ತಲೆ ಎಷ್ಟು ಬೋಳಾಗುತ್ತದೆ ಎಂಬುದು ಬಹುಮಟ್ಟಿಗೆ ಕೂದಲಿನ ಬುಡಗಳು ಹಾರ್ಮೋನಿಗೆ ಹೇಗೆ ಸ್ಪಂದಿಸುತ್ತವೆ ಎಂಬುದರ ಮೇಲೆ ನಿಂತಿದೆ, ಅದು ಅಪ್ಪ-ಅಮ್ಮನಿಂದ ಬಂದದ್ದು.

ಯೂನಿಟ್ ನೋಡಿದಿರಾ? ಬಯೋಟಿನ್ ತಿಂದಿದ್ದಿರಾ?

ಕೆಲವು ಲ್ಯಾಬ್‌ಗಳು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಮಿಲಿಲೀಟರ್ ಲೆಕ್ಕದಲ್ಲಿ, ಹೊರದೇಶದ ರಿಪೋರ್ಟ್‌ಗಳು ನ್ಯಾನೋಮೋಲ್ ಲೆಕ್ಕದಲ್ಲಿ. 310 ನ್ಯಾನೋಗ್ರಾಂ ಪ್ರತಿ ಡೆಸಿಲೀಟರ್, 3.1 ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್, ಲೀಟರ್‌ಗೆ 10.7 ನ್ಯಾನೋಮೋಲ್ ಮೂರೂ ಒಂದೇ. ತನ್ನ 3.1ನ್ನು ಯೂಟ್ಯೂಬ್ ವಿಡಿಯೋದ 600ರ ಜೊತೆ ಹೋಲಿಸಿ ಬೆವರಿದವರನ್ನು ನಾನೇ ಕಂಡಿದ್ದೇನೆ. ಮುಂದಿನ ವರ್ಷದ ಪರೀಕ್ಷೆಯನ್ನು ಈ ವರ್ಷದ್ದಕ್ಕೆ ಹೋಲಿಸಬೇಕಾದರೆ ಅದೇ ಲ್ಯಾಬ್, ಅದೇ ವಿಧಾನ ಇರುವುದು ಒಳ್ಳೆಯದು.

ಬಯೋಟಿನ್ ಸಂಗತಿ ಸ್ವಲ್ಪ ವಿಚಿತ್ರವಾದದ್ದು. ಕೂದಲು ಉದುರುತ್ತದೆ ಎಂದು ಯುವಕರು ನುಂಗುವ ಮಾತ್ರೆ, ಗಮ್ಮಿಗಳಲ್ಲಿ ಈ ವಿಟಮಿನ್ ದೊಡ್ಡ ಪ್ರಮಾಣದಲ್ಲಿ ಇರುತ್ತದೆ. ಹಾರ್ಮೋನ್ ಅಳೆಯುವ ಕೆಲವು ಯಂತ್ರಗಳು ಒಳಗೆ ಬಯೋಟಿನ್ ಅಣುವನ್ನೇ ಅಂಟಿನಂತೆ ಬಳಸುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಅಂಥ ಯಂತ್ರ ಮೋಸ ಹೋಗುತ್ತದೆ: ಟೆಸ್ಟೋಸ್ಟೆರಾನ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಥೈರಾಯ್ಡ್‌ನ ಟಿಎಸ್‌ಎಚ್‌ನಂಥವನ್ನು ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಕೂದಲ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಬೇಕು, ಕೇಳದಿದ್ದರೂ.

ಟೋಟಲ್ ಒಂದು, ಫ್ರೀ ಇನ್ನೊಂದು

ರಕ್ತದಲ್ಲಿರುವ ಟೆಸ್ಟೋಸ್ಟೆರಾನ್‌ನ ಬಹುಪಾಲು ಪ್ರೋಟೀನ್‌ಗಳ ಹೆಗಲೇರಿ ಸುತ್ತುತ್ತಿರುತ್ತದೆ. ಒಂದಷ್ಟು ಭಾಗ ಆಲ್ಬುಮಿನ್‌ಗೆ ಸಡಿಲವಾಗಿ, ಇನ್ನೊಂದಷ್ಟು ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್‌ಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಯಾವುದಕ್ಕೂ ಅಂಟದೆ ಬಿಡಿಯಾಗಿ ಇರುವುದು ನೂರರಲ್ಲಿ ಎರಡು-ಮೂರು ಪಾಲು ಮಾತ್ರ. ಸಾಮಾನ್ಯ ಪ್ಯಾಕೇಜಿನಲ್ಲಿ ಅಳೆಯುವುದು ಇವೆಲ್ಲದರ ಮೊತ್ತವನ್ನು, ಅಂದರೆ ‘ಟೋಟಲ್’ ಅನ್ನು.

ಎಸ್‌ಎಚ್‌ಬಿಜಿ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ ಎನ್ನುವುದೇ ಇಲ್ಲಿನ ತೊಡಕು. ಹೊಟ್ಟೆ ಬಂದಿದ್ದರೆ, ಇನ್ಸುಲಿನ್ ಪ್ರತಿರೋಧ ಇದ್ದರೆ, ಥೈರಾಯ್ಡ್ ಮಂದವಾಗಿದ್ದರೆ ಅದು ಇಳಿಯುತ್ತದೆ. ಥೈರಾಯ್ಡ್ ಅತಿಯಾಗಿದ್ದರೆ, ಲಿವರ್ ಕಾಯಿಲೆ ಇದ್ದರೆ, ಮೂರ್ಛೆರೋಗದ ಕೆಲವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಏರುತ್ತದೆ. ಒಂದು ಉದಾಹರಣೆ ನೋಡೋಣ. ಇಬ್ಬರಿಗೂ ಟೋಟಲ್ 310. ಒಬ್ಬನ ಎಸ್‌ಎಚ್‌ಬಿಜಿ 14, ಇನ್ನೊಬ್ಬನದು 55. ತಜ್ಞರು ಬಳಸುವ ಸೂತ್ರಕ್ಕೆ ಹಾಕಿ ಲೆಕ್ಕ ಮಾಡಿದರೆ ಮೊದಲನೆಯವನ ಬಿಡಿ ಟೆಸ್ಟೋಸ್ಟೆರಾನ್ ಎರಡನೆಯವನದಕ್ಕಿಂತ ಸುಮಾರು ಎರಡು ಪಟ್ಟು ಇರುತ್ತದೆ. ಸಾಗಿಸುವ ಪ್ರೋಟೀನ್ ಕಡಿಮೆಯಾಗಿದ್ದರಿಂದ ಮೊದಲನೆಯವನ ಟೋಟಲ್ ಕಡಿಮೆ ಕಾಣುತ್ತಿದೆ, ಅಷ್ಟೇ. ಎರಡನೆಯವನನ್ನು ಸ್ವಲ್ಪ ಗಮನಿಸಿ ನೋಡಬೇಕು. ತೂಕ ಹೆಚ್ಚಿರುವ ಯುವಕರ ರಿಪೋರ್ಟ್‌ನಲ್ಲಿ ‘ಲೋ’ ಬಂದಾಗ ಬಹಳ ಸಲ ಕಥೆ ಮೊದಲನೆಯವನದೇ ಆಗಿರುತ್ತದೆ.

ಹಾಗಾದರೆ ಎಲ್ಲರೂ ‘ಫ್ರೀ ಟೆಸ್ಟೋಸ್ಟೆರಾನ್’ ಮಾಡಿಸಬೇಕೇ? ಬೇಡ. ಟೋಟಲ್ ಗೆರೆಯ ಹತ್ತಿರ ಇದ್ದಾಗ, ಅಥವಾ ಎಸ್‌ಎಚ್‌ಬಿಜಿ ಏರುಪೇರಾಗಿರಬಹುದು ಎಂಬ ಅನುಮಾನವಿದ್ದಾಗ ಮಾತ್ರ ಅದರ ಅಗತ್ಯ. ಅದರಲ್ಲೂ ಸಾಮಾನ್ಯ ಲ್ಯಾಬ್‌ಗಳಲ್ಲಿ ಯಂತ್ರ ನೇರವಾಗಿ ಅಳೆದು ಕೊಡುವ ಅಗ್ಗದ ‘ಫ್ರೀ’ ಫಲಿತಾಂಶ ನಂಬಿಕೆಗೆ ಅರ್ಹವಲ್ಲ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಟೋಟಲ್, ಎಸ್‌ಎಚ್‌ಬಿಜಿ, ಆಲ್ಬುಮಿನ್ ಮೂರನ್ನೂ ಅಳೆದು ಲೆಕ್ಕ ಹಾಕುವುದೇ ವಾಸಿ.

ಎರಡನೇ ಸಲವೂ ಕಡಿಮೆ ಬಂದರೆ

ಆಗ ಕಡೆಗಣಿಸುವಂತಿಲ್ಲ. ಯುವಕರಲ್ಲಿ ನಿಜವಾದ ಕೊರತೆ ಅಪರೂಪ, ಆದರೆ ಇದ್ದರೆ ಅದರ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕಲು ಎರಡು ಅಗ್ಗದ ಪರೀಕ್ಷೆಗಳಿವೆ: ಎಲ್‌ಎಚ್ ಮತ್ತು ಎಫ್‌ಎಸ್‌ಎಚ್.

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ಎಲ್‌ಎಚ್ ಎಂಬ ಹಾರ್ಮೋನ್ ಕಳಿಸಿ ವೃಷಣಗಳಿಗೆ ‘ಟೆಸ್ಟೋಸ್ಟೆರಾನ್ ತಯಾರಿಸಿ’ ಎನ್ನುತ್ತದೆ, ಎಫ್‌ಎಸ್‌ಎಚ್ ಕಳಿಸಿ ‘ವೀರ್ಯಾಣು ತಯಾರಿಸಿ’ ಎನ್ನುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಾದರೆ ಮಿದುಳು ಅದನ್ನು ಗ್ರಹಿಸಿ ಆದೇಶ ತಗ್ಗಿಸುತ್ತದೆ. ಈಗ ಟೆಸ್ಟೋಸ್ಟೆರಾನ್ ಕಡಿಮೆ ಇದ್ದು ಎಲ್‌ಎಚ್ ತುಂಬಾ ಹೆಚ್ಚಿದ್ದರೆ, ಮಿದುಳು ಕೂಗಿ ಕೂಗಿ ಹೇಳುತ್ತಿದೆ, ವೃಷಣದ ಕೈಯಲ್ಲಿ ಆಗುತ್ತಿಲ್ಲ ಎಂದರ್ಥ. ದೊಡ್ಡವರಾದ ಮೇಲೆ ಮಂಗಬಾವು ಬಂದು ವೃಷಣ ಊದಿಕೊಂಡಿದ್ದರೆ, ಪೆಟ್ಟು ಬಿದ್ದಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಹೀಗಾಗಬಹುದು. ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇನ್ನೊಂದು ಕಾರಣ. ಹುಟ್ಟುವಾಗಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುವ ಈ ಸ್ಥಿತಿ ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಬಹಳಷ್ಟು ಮಂದಿಗೆ ಅದು ಗೊತ್ತೇ ಆಗುವುದಿಲ್ಲ. ಮದುವೆಯಾಗಿ ಮಕ್ಕಳಾಗದೆ ಆಸ್ಪತ್ರೆಗೆ ಹೋದಾಗ, ಅದೂ ಹೆಂಡತಿಗೆ ಎಲ್ಲ ಪರೀಕ್ಷೆಗಳು ಮುಗಿದ ಮೇಲೆ ಪತ್ತೆಯಾಗುವುದುಂಟು.

ಟೆಸ್ಟೋಸ್ಟೆರಾನ್ ಕಡಿಮೆ, ಆದರೂ ಎಲ್‌ಎಚ್ ಏರಿಲ್ಲ ಎಂದರೆ ಆದೇಶ ಕೊಡುವವರೇ ಸುಮ್ಮನಿದ್ದಾರೆ. ಬೊಜ್ಜು, ನಿದ್ದೆಗೇಡು, ತೀರಾ ಕಡಿಮೆ ತಿಂದು ಅತಿಯಾಗಿ ವ್ಯಾಯಾಮ ಮಾಡುವುದು, ಸ್ಟೀರಾಯ್ಡ್ ಮಾತ್ರೆ, ಅಫೀಮು ಜಾತಿಯ ನೋವುನಿವಾರಕ ಇವೆಲ್ಲ ಸಾಮಾನ್ಯ ಕಾರಣಗಳು. ಅಪರೂಪಕ್ಕೆ ಪಿಟ್ಯುಟರಿಯಲ್ಲಿ ಸಣ್ಣ ಗಡ್ಡೆ ಇರಬಹುದು. ಅದಕ್ಕೇ ವೈದ್ಯರು ಪ್ರೊಲ್ಯಾಕ್ಟಿನ್ ಪರೀಕ್ಷೆ ಬರೆಯುವುದು. ತಲೆನೋವಿನ ಜೊತೆ ಅಕ್ಕಪಕ್ಕದ ದೃಷ್ಟಿ ಮಸುಕಾಗಿದ್ದರೆ, ಹುಟ್ಟಿನಿಂದ ವಾಸನೆಯೇ ತಿಳಿಯದಿದ್ದರೆ, ಹದಿಹರೆಯದ ಬದಲಾವಣೆಗಳು ಓರಗೆಯವರಿಗಿಂತ ಬಹಳ ತಡವಾಗಿದ್ದರೆ ಸಂಕೋಚಪಡದೆ ಹೇಳಿ. ಡಾಕ್ಟರ್ ಮಾನಿಟರ್ ನೋಡುತ್ತಾ ಕೇಳುವ ಸಣ್ಣಪುಟ್ಟ ಪ್ರಶ್ನೆಗಳಲ್ಲಿ ಇವು ಇರುತ್ತವೆ. ವೃಷಣದ ಗಾತ್ರ ಮುಟ್ಟಿ ನೋಡುವುದೂ ತಪಾಸಣೆಯ ಭಾಗವೇ. ಐದು ನಿಮಿಷದ ಮುಜುಗರ, ಎಂಬತ್ತು ಪರೀಕ್ಷೆಗಳು ಹೇಳದ್ದನ್ನು ಹೇಳಬಲ್ಲದು.

‘ಒಂದು ಸೈಕಲ್’ ಹಾಕಿದರೆ ಏನಾಗುತ್ತದೆ

ಊರಿನ ನಮ್ಮ ಮನೆಯಲ್ಲಿ ಬೋರ್‌ವೆಲ್ ಮೋಟಾರಿಗೆ ಆಟೋಮ್ಯಾಟಿಕ್ ಸ್ವಿಚ್ ಇದೆ. ಮೇಲಿನ ಟ್ಯಾಂಕ್ ತುಂಬಿದರೆ ಮೋಟಾರ್ ತಾನೇ ನಿಲ್ಲುತ್ತದೆ, ನೀರು ಇಳಿದರೆ ತಾನೇ ಶುರುವಾಗುತ್ತದೆ. ಈ ಮೋಟಾರಿನ ಪೈಪಿನಿಂದಲೇ, ಟ್ಯಾಂಕಿಗೆ ಹೋಗುವ ಮೊದಲು, ತೋಟಕ್ಕೆ ಒಂದು ಕವಲು ಹೋಗಿದೆ ಎಂದುಕೊಳ್ಳಿ. ನೀವು ಹೊರಗಿನಿಂದ ಟ್ಯಾಂಕರ್ ತರಿಸಿ ಮೇಲಿನ ಟ್ಯಾಂಕ್ ತುಂಬಿಸುತ್ತಲೇ ಇದ್ದರೆ ಮನೆಯ ನಲ್ಲಿಗಳಲ್ಲಿ ನೀರು ಜೋರಾಗಿಯೇ ಬರುತ್ತದೆ. ಆದರೆ ಮೋಟಾರ್ ಶುರುವಾಗುವುದೇ ಇಲ್ಲ. ತೋಟ ಒಣಗುತ್ತದೆ.

ಇಂಜೆಕ್ಷನ್ ಟೆಸ್ಟೋಸ್ಟೆರಾನ್ ಮಾಡುವುದು ಇದನ್ನೇ. ರಕ್ತದಲ್ಲಿ ಮಟ್ಟ ಏರುತ್ತದೆ, ಮಸಲ್ ಬೆಳೆಯುತ್ತದೆ, ಹುರುಪೂ ಬರಬಹುದು. ಇದನ್ನು ನೋಡಿದ ಮಿದುಳು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಬೇಕು. ಅದು ಅಲ್ಲೇ ತಯಾರಾಗಬೇಕು, ಸೂಜಿಯಿಂದ ಹಾಕಿದ್ದು ಆ ಜಾಗ ತುಂಬುವುದಿಲ್ಲ. ವೃಷಣ ಕುಗ್ಗುತ್ತದೆ, ವೀರ್ಯಾಣು ಸಂಖ್ಯೆ ಬೀಳುತ್ತದೆ.

ಎಷ್ಟರ ಮಟ್ಟಿಗೆ ಬೀಳುತ್ತದೆ ಎಂದರೆ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗಂಡಸರ ಗರ್ಭನಿರೋಧಕವಾಗಿ ಪ್ರಯೋಗಿಸಿ ನೋಡಿತ್ತು! 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಏಳು ದೇಶಗಳ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಟ್ಟರು. ಅವರಲ್ಲಿ 157 ಮಂದಿಯ ವೀರ್ಯದಲ್ಲಿ ಒಂದೂ ವೀರ್ಯಾಣು ಉಳಿಯದೆ, ಮುಂದಿನ ಹನ್ನೆರಡು ತಿಂಗಳ ಹಂತಕ್ಕೆ ಹೋದರು. ಆ ಅವಧಿಯಲ್ಲಿ ಅವರ ಜೋಡಿಗಳಲ್ಲಿ ಆದದ್ದು ಒಂದೇ ಒಂದು ಗರ್ಭ. ‘ಗಂಡಸುತನ ಹೆಚ್ಚಿಸುವ’ ಇಂಜೆಕ್ಷನ್ ಎಂದು ಜಿಮ್‌ನಲ್ಲಿ ಕೈಗೆ ಕೊಡುವುದು ಇದೇ ಔಷಧಿಯನ್ನು.

ನಿಲ್ಲಿಸಿದರೆ ಮತ್ತೆ ಸರಿಹೋಗುತ್ತದೆಯೇ? ಬಹುತೇಕ ಹೌದು, ಆದರೆ ಸಮಯ ಬೇಕು. ಇಂಥ ಗರ್ಭನಿರೋಧಕ ಪ್ರಯೋಗಗಳಲ್ಲಿ ಭಾಗವಹಿಸಿದವರ ಲೆಕ್ಕ ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಪ್ರಕಾರ, ನಿಲ್ಲಿಸಿದ ಆರು ತಿಂಗಳಲ್ಲಿ ಶೇ. 67, ಒಂದು ವರ್ಷದಲ್ಲಿ ಶೇ. 90 ಮಂದಿ ಮಿಲಿಲೀಟರ್‌ಗೆ ಎರಡು ಕೋಟಿ ವೀರ್ಯಾಣುಗಳ ಮಟ್ಟಕ್ಕೆ ಮರಳಿದರು. ಕೆಲವರಿಗೆ ಎರಡು ವರ್ಷವೇ ಹಿಡಿಯುತ್ತದೆ. ಇವರೆಲ್ಲ ಮೊದಲು ಸಹಜವಾಗಿದ್ದ, ಗೊತ್ತಿರುವ ಔಷಧಿಯನ್ನು ಅಳತೆ ಮಾಡಿ ತೆಗೆದುಕೊಂಡವರು ಎಂಬುದನ್ನು ಮರೆಯಬಾರದು. ಲೇಬಲ್ ನಂಬಲಾಗದ ಸೀಸೆಗಳನ್ನು ಎರಡು-ಮೂರು ಬೆರೆಸಿ ಹಾಕಿಕೊಂಡವರಿಗೆ ಇದೇ ಲೆಕ್ಕ ಅನ್ವಯಿಸುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ರಕ್ತ ದಪ್ಪವಾಗುವುದು, ಮೊಡವೆ, ಎದೆ ಊದುವುದು (ಹೆಚ್ಚಾದ ಟೆಸ್ಟೋಸ್ಟೆರಾನ್‌ನ ಒಂದು ಪಾಲು ದೇಹದಲ್ಲಿ ಈಸ್ಟ್ರೊಜೆನ್ ಆಗಿ ಬದಲಾಗುವುದರಿಂದ) ಇವು ಬೇರೆ.

ಸೈಕಲ್ ಮುಗಿಸಿದ ಮೇಲಿನ ತಿಂಗಳುಗಳಲ್ಲಿ ಸ್ವಂತದ್ದು ಇನ್ನೂ ಶುರುವಾಗಿಲ್ಲ, ಹೊರಗಿನದು ನಿಂತಿದೆ. ಆಗ ನಿಜಕ್ಕೂ ಸುಸ್ತು, ನಿರಾಸಕ್ತಿ, ಮಂಕು ಕವಿಯುತ್ತದೆ. ಪರೀಕ್ಷೆ ಮಾಡಿಸಿದರೆ ನಿಜಕ್ಕೂ ಕಡಿಮೆ ಬರುತ್ತದೆ. “ನೋಡಿದ್ಯಾ, ನಿಂಗೆ ಮೊದಲಿಂದಲೂ ಕಮ್ಮಿ ಇತ್ತು” ಎಂದು ಎರಡನೇ ಸೈಕಲ್ ಶುರುವಾಗುತ್ತದೆ. ನನ್ನ ಪ್ರಕಾರ ಒಂದು ಮಧ್ಯಾಹ್ನದ ತಪ್ಪು ರಿಪೋರ್ಟ್ ಮಾಡಬಹುದಾದ ದೊಡ್ಡ ಹಾನಿ ಇದೇ: ಇಲ್ಲದ ಕೊರತೆಯನ್ನು ಅದು ಇರುವ ಕೊರತೆಯಾಗಿ ಮಾಡಿಬಿಡುತ್ತದೆ.

ಈಗಾಗಲೇ ತೆಗೆದುಕೊಂಡವರು ಇದನ್ನು ಓದುತ್ತಿದ್ದರೆ, ವೈದ್ಯರಿಂದ ಮುಚ್ಚಿಡಬೇಡಿ. ಜಿಮ್‌ನಲ್ಲಿ ಸಿಗುವ ಕೆಲವು ಸ್ಟೀರಾಯ್ಡ್‌ಗಳು ಟೆಸ್ಟೋಸ್ಟೆರಾನ್ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ, ಆದರೆ ಮಿದುಳಿನ ಆದೇಶವನ್ನು ಮಾತ್ರ ನಿಲ್ಲಿಸುತ್ತವೆ. ನೀವು ಹೇಳದಿದ್ದರೆ ಅವರು ಇಲ್ಲದ ಗಡ್ಡೆ ಹುಡುಕಲು ಎಂಆರ್‌ಐ ಬರೆಯಬೇಕಾಗುತ್ತದೆ. ನಿಜವಾದ ಕೊರತೆ ಇರುವವರಿಗೂ, ಮುಂದೆ ಮಕ್ಕಳು ಬೇಕು ಎಂದಿದ್ದರೆ, ಹಾರ್ಮೋನ್ ತಜ್ಞರು ನೇರ ಟೆಸ್ಟೋಸ್ಟೆರಾನ್ ಬದಲು ಸ್ವಂತ ಉತ್ಪಾದನೆಯನ್ನು ಎಬ್ಬಿಸುವ ಎಚ್‌ಸಿಜಿಯಂಥ ಬೇರೆ ದಾರಿ ನೋಡುತ್ತಾರೆ. ಅದಕ್ಕೇ ‘ಮಕ್ಕಳ ಯೋಚನೆ ಇದೆಯಾ’ ಎಂಬ ಪ್ರಶ್ನೆ ಚಿಕಿತ್ಸೆಗೆ ಮೊದಲೇ ಬರಬೇಕು. ಅದನ್ನು ಕೇಳದೆ ಯಾರಾದರೂ ಇಂಜೆಕ್ಷನ್ ಬರೆದುಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಸುಸ್ತು ಯಾಕೆ?

ಸುಸ್ತು, ಮೂಡ್ ಇಲ್ಲ, ಮಸಲ್ ಬರುತ್ತಿಲ್ಲ ಎನ್ನುವುದು ಟೆಸ್ಟೋಸ್ಟೆರಾನ್ ಕೊರತೆಯ ಲಕ್ಷಣವೂ ಹೌದು, ಇನ್ನೂ ಐವತ್ತು ಕಾರಣಗಳ ಲಕ್ಷಣವೂ ಹೌದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12, ಗೊರಕೆಯ ಜೊತೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ, ಖಿನ್ನತೆ ಎಲ್ಲವೂ ಈ ಸಾಲಿನಲ್ಲಿವೆ. ಕೊರತೆಯ ಕಡೆಗೆ ಹೆಚ್ಚು ಬೆರಳು ತೋರಿಸುವ ಲಕ್ಷಣಗಳು ಬೇರೆ: ಕಾಮಾಸಕ್ತಿ ಎದ್ದುಕಾಣುವಂತೆ ಕುಗ್ಗುವುದು, ಬೆಳಗಿನ ಹೊತ್ತಿನ ಶಿಶ್ನದ ಉದ್ರೇಕ ತಿಂಗಳುಗಟ್ಟಲೆ ಇಲ್ಲವಾಗುವುದು, ಗಡ್ಡ ಬೋಳಿಸುವ ಅಗತ್ಯವೇ ಕಡಿಮೆಯಾಗುವುದು.

ಹಸ್ತಮೈಥುನದಿಂದ ಟೆಸ್ಟೋಸ್ಟೆರಾನ್ ಖಾಲಿಯಾಗುತ್ತದೆ ಎಂಬುದು ಹಳೆಯ ಭಯಕ್ಕೆ ಹೊಸ ಹೆಸರು. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಧಾತು ನಷ್ಟ’ ಎಂದು ಬರೆದಿರುತ್ತಿದ್ದದ್ದು ಈಗ ರೀಲ್ಸ್‌ನಲ್ಲಿ ‘ಲೋ ಟಿ’ ಆಗಿದೆ. ವೀರ್ಯ ಹೋದರೆ ಶಕ್ತಿ ಹೋಯಿತು ಎಂಬ ಆತಂಕದಿಂದಲೇ ಯುವಕರು ಸೊರಗುವುದನ್ನು ಕಂಡ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯ ಹೊರಹೋಗುವುದರಿಂದ ಟೆಸ್ಟೋಸ್ಟೆರಾನ್ ಶಾಶ್ವತವಾಗಿ ಇಳಿಯುವುದಿಲ್ಲ. ನೆಗ್ಗಿನಮುಳ್ಳು ಹಾಕಿದ ‘ಬೂಸ್ಟರ್’ ಡಬ್ಬಿಗಳು ಆರೋಗ್ಯವಂತರಲ್ಲಿ ಅದನ್ನು ಏರಿಸುವುದೂ ಇಲ್ಲ. ಸತು ಕಡಿಮೆ ಇದ್ದವರಿಗೆ ಸತುವಿನ ಮಾತ್ರೆ ಉಪಯೋಗ, ಉಳಿದವರಿಗೆ ಖರ್ಚು. ಹೆಚ್ಚಿನ ತೂಕ ಇಳಿಸಿದರೆ ಮಾತ್ರ ಟೆಸ್ಟೋಸ್ಟೆರಾನ್ ಏರುವುದು ಮತ್ತೆ ಮತ್ತೆ ಕಂಡುಬಂದಿದೆ. ಇಂಜೆಕ್ಷನ್ ಹಾಕಿಕೊಂಡ ಮರುದಿನವೇ ಹುಲಿಯಾದೆ ಎನ್ನುವವರಿಗೆ ಒಂದು ಹಳೆಯ ಕಥೆ: 1889ರಲ್ಲಿ ಬ್ರೌನ್-ಸೆಕಾರ್ ಎಂಬ ಹೆಸರಾಂತ ವಿಜ್ಞಾನಿ ತನ್ನ 72ನೇ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸ ಚುಚ್ಚಿಕೊಂಡು ಯೌವನ ಮರಳಿತೆಂದು ಪ್ಯಾರಿಸ್‌ನಲ್ಲಿ ಸಾರಿದರು. ನೀರಿನಲ್ಲಿ ತೆಗೆದ ಆ ರಸದಲ್ಲಿ ಪರಿಣಾಮ ಬೀರುವಷ್ಟು ಹಾರ್ಮೋನ್ ಇರಲು ಸಾಧ್ಯವೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಚಿಕ್ಕಮ್ಮನ ಮಗ ಮೂರು ವಾರ ಬಿಟ್ಟು, ಒಂದು ವಾರ ಸರಿಯಾಗಿ ಮಲಗಿ, ಬೆಳಿಗ್ಗೆ 8ಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟ. 412 ಬಂತು. ರಿಪೋರ್ಟ್ ಹಿಡಿದು ವೈದ್ಯರ ಹತ್ತಿರ ಹೋದಾಗ ಅವರು ಆ ಪುಟವನ್ನು ಅರ್ಧ ನಿಮಿಷವೂ ನೋಡಲಿಲ್ಲವಂತೆ. ಮೊದಲ ರಿಪೋರ್ಟಿನ ಇನ್ನೊಂದು ಪುಟ ತಿರುವಿ, ದಪ್ಪ ಅಕ್ಷರದಲ್ಲಿಯೇ ಇದ್ದರೂ ಅವನು ಗಮನಿಸದೆ ಬಿಟ್ಟಿದ್ದ ಬಿ12 ತೋರಿಸಿ, “ಇದಕ್ಕೆ ಏನು ಮಾಡಿದ್ರಿ?” ಎಂದು ಕೇಳಿದರಂತೆ.